ತೊಳೆಯದೆ ಉಳಿದ ಫಿಲ್ಮ್ ರೋಲುಗಳ ಬಾಕಿ ತೀರಿಸುವುದು ಹೇಗೆ: ಮುಂಬೈ ಮನೆಯ ಬಚ್ಚಲಿಗೊಂದು ಸಮಗ್ರ ಮಾರ್ಗದರ್ಶಿ

ಫಿಲ್ಮ್ ಕ್ಯಾಮೆರಾ ಹುಚ್ಚು ಹಿಡಿದವರ ಮನೆಯಲ್ಲಿ ತೊಳೆಯದ ರೋಲುಗಳು ಸೇರುತ್ತಲೇ ಹೋಗುತ್ತವೆ. ಫ್ರಿಜ್ಜಿನ ಬಾಗಿಲಲ್ಲಿ ಕೆಲವು, ಬ್ಯಾಗಿನ ಜೇಬಲ್ಲಿ ಕೆಲವು, ಲಾಫ್ಟ್ ಮೇಲಿನ ಬಿಸ್ಕತ್ ಡಬ್ಬಿಯಲ್ಲಿ ಯಾವ ಕಾಲದ್ದೋ ಗೊತ್ತಿಲ್ಲದ ಇನ್ನೊಂದಷ್ಟು. ಲೋಕಲ್‌ನಲ್ಲಿ ಜೋತಾಡಿ ಮನೆ ಸೇರಿದ ಮೇಲೆ ರಾತ್ರಿ ಹತ್ತಕ್ಕೆ ಯಾರು ಕೆಮಿಕಲ್ ಬೆರೆಸುತ್ತಾರೆ ಅಲ್ವಾ? ಬರುವ ಭಾನುವಾರ ನೋಡೋಣ ಅನ್ನುತ್ತಲೇ ಗಣಪತಿ ಹಬ್ಬ ಬರುತ್ತದೆ, ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ ಗಣಪತಿಯದ್ದು ಇನ್ನೆರಡು ರೋಲು ಸೇರುತ್ತದೆ, ಆಮೇಲೆ ಯಾರದ್ದೋ ಮದುವೆ, ಆಮೇಲೆ ಒಂದು ಯಕ್ಷಗಾನ.

ಒಂದೆರಡು ಸಲವಾದರೂ ಕಪ್ಪುಬಿಳುಪು ರೋಲು ತೊಳೆದು ಗೊತ್ತಿರುವ, ತೊಳೆಯುವ ಟ್ಯಾಂಕು, ಅದರೊಳಗೆ ಫಿಲ್ಮ್ ಸುತ್ತುವ ಸ್ಪೈರಲ್ ಮನೆಯಲ್ಲಿ ಇರುವ, ಆದರೆ ಎಲ್ಲಿಂದ ಶುರು ಮಾಡಬೇಕೋ ತಿಳಿಯದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮುಖ್ಯವಾಗಿ ನಾನು ಹೇಳುವುದು ಒಂದೇ. ಬಾಕಿ ತೀರಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಟ್ಯಾಂಕಿಗೆ ಡೆವಲಪರ್, ಅಂದರೆ ಚಿತ್ರ ಮೂಡಿಸುವ ದ್ರಾವಣ, ಹುಯ್ಯುವ ಮೊದಲೇ ಮುಗಿದಿರಬೇಕು. ರೋಲುಗಳನ್ನು ಬೇರೆ ಮಾಡುವುದು, ಸರದಿ ಹಾಕುವುದು, ನೀರಿನ ಬಿಸಿ ಸರಿಪಡಿಸುವುದು. ಇಷ್ಟು ಆಗಿದ್ದರೆ ಉಳಿದದ್ದು ಗಡಿಯಾರ ನೋಡಿಕೊಂಡು ಮಾಡುವ ಕೆಲಸ.

ಯಾಕೆ ತಡ ಮಾಡಬಾರದು

ಶಟರ್ ಒತ್ತಿದ ಕ್ಷಣವೇ ಫಿಲ್ಮಿನಲ್ಲಿ ಚಿತ್ರ ಕೂತಿರುತ್ತದೆ. ಆದರೆ ಅದು ಕಣ್ಣಿಗೆ ಕಾಣದ ಬೆಳ್ಳಿಯ ಚುಕ್ಕೆಗಳ ರೂಪದಲ್ಲಿರುತ್ತದೆ, ಒಂದೊಂದು ಚುಕ್ಕೆಯಲ್ಲೂ ಕೆಲವೇ ಪರಮಾಣುಗಳು. ಸೆಕೆ ಮತ್ತು ತೇವ ಈ ಚುಕ್ಕೆಗಳನ್ನು ನಿಧಾನಕ್ಕೆ ಕರಗಿಸುತ್ತವೆ. ಅದೇ ಹೊತ್ತಿಗೆ ಬೆಳಕೇ ಬೀಳದ ಜಾಗದಲ್ಲಿ ಫಾಗ್, ಅಂದರೆ ಮಸುಕು, ಏರುತ್ತಾ ಹೋಗುತ್ತದೆ. ಚಿತ್ರ ತೆಳುವಾಗುತ್ತದೆ, ಹಿನ್ನೆಲೆ ದಟ್ಟವಾಗುತ್ತದೆ, ಎರಡೂ ಒಟ್ಟಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಊರಲ್ಲಿ ಕಪಾಟಿನೊಳಗಿನ ರೋಲಿಗೆ ಇದಕ್ಕಿಂತ ಕೆಟ್ಟ ಜಾಗ ಇನ್ನಿಲ್ಲ. ಹಿಂದೆ ಕಾಗದ ಸುತ್ತಿದ 120 ಅಳತೆಯ ಅಗಲ ರೋಲುಗಳಿಗೆ ಇನ್ನೊಂದು ಕಾಟ ಇದೆ. ತೇವ ಹಿಡಿದರೆ ಹಿಂದಿನ ಕಾಗದದ ಮೇಲಿನ ನಂಬರುಗಳು ಚಿತ್ರದ ಮೇಲೇ ಅಚ್ಚಾಗುವುದುಂಟು.

ಎಲ್ಲ ಫಿಲ್ಮೂ ಒಂದೇ ವೇಗದಲ್ಲಿ ಹಾಳಾಗುವುದಿಲ್ಲ. ಐಎಸ್‌ಒ, ಅಂದರೆ ಬೆಳಕಿಗೆ ಸ್ಪಂದಿಸುವ ವೇಗ, 100, 125 ಇರುವ ನಿಧಾನದ ಫಿಲ್ಮುಗಳು ಗಟ್ಟಿ. 400 ಅದಕ್ಕಿಂತ ಸೂಕ್ಷ್ಮ, 1600, 3200 ತೀರಾ ಸೂಕ್ಷ್ಮ. ಸರದಿ ಹಾಕುವಾಗ ಇದು ಬೇಕಾಗುತ್ತದೆ.

ಮೊದಲು ಎಲ್ಲವನ್ನೂ ನೆಲದ ಮೇಲೆ ಹರಡಿ

ಇದಕ್ಕೆ ಒಂದು ಇಡೀ ಮಧ್ಯಾಹ್ನ ಇಟ್ಟುಕೊಳ್ಳಿ. ಆವತ್ತು ತೊಳೆಯುವ ಮಾತೇ ಬೇಡ. ಮನೆಯ ಮೂಲೆಮೂಲೆಯಿಂದ ರೋಲುಗಳನ್ನು ತಂದು ಹಳೆ ಪೇಪರ್ ಹಾಸಿ ಹರಡಿ. ಬಳಸದೆ ಬಿಟ್ಟ ಕ್ಯಾಮೆರಾಗಳನ್ನೂ ನೋಡಿ, ಅರ್ಧ ತೆಗೆದ ರೋಲು ಒಳಗೇ ಕೂತಿರಬಹುದು. ರಿವೈಂಡ್ ನಾಬ್ ಮೆಲ್ಲಗೆ ತಿರುಗಿಸಿದಾಗ ಬಿಗಿ ಸಿಕ್ಕಿದರೆ ಒಳಗೆ ಫಿಲ್ಮ್ ಇದೆ ಅಂತ ಲೆಕ್ಕ.

ಈಗ ಡಬ್ಬಿಯ ಮೇಲೆ ಬರೆದಿರುವ ಪ್ರೊಸೆಸ್ ಹೆಸರು ಓದಿ. ಸಿ-41 ಅಂತ ಇದ್ದರೆ ಕಲರ್ ನೆಗೆಟಿವ್. ಇ-6 ಇದ್ದರೆ ಸ್ಲೈಡ್. ಮಾಮೂಲು ಕಪ್ಪುಬಿಳುಪಿನ ಮೇಲೆ ಇವೆರಡೂ ಇರುವುದಿಲ್ಲ. ಒಂದು ಕಡೆ ಮಾತ್ರ ಹುಷಾರು ಬೇಕು: ಇಲ್ಫರ್ಡ್ ಎಕ್ಸ್‌ಪಿ2 ಸೂಪರ್, ಕೊಡಕ್ ಬಿಡಬ್ಲ್ಯೂ400ಸಿಎನ್ ಇವು ನೋಡಲು ಕಪ್ಪುಬಿಳುಪು, ತೊಳೆಯಬೇಕಾದದ್ದು ಸಿ-41ನಲ್ಲಿ. ಇವನ್ನು ಕಲರ್ ಗುಂಪಿಗೇ ಹಾಕಿ.

ಲಾಫ್ಟ್ ಡಬ್ಬಿಯ ಹಳೆಯ ರೋಲುಗಳು ಬೇರೆಯೇ ಕಥೆ. ಹೋಟೆಲ್ ಕೆಲಸಕ್ಕೋ ಮಿಲ್ಲಿಗೋ ಬ್ಯಾಂಕಿಗೋ ಅಂತ ಊರಿಂದ ಬಂದ ನಮ್ಮ ಹಿರಿಯರ ಕಾಲದ ರೋಲುಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಹೆಸರು: ಓರ್ವೋ ಮತ್ತು ಇಂದು. ಓರ್ವೋ ಬರುತ್ತಿದ್ದದ್ದು ಪೂರ್ವ ಜರ್ಮನಿಯ ವೋಲ್ಫೆನ್‌ನಿಂದ. ಇಂದು ತಯಾರಾಗುತ್ತಿದ್ದದ್ದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಲ್ಲಿ. ಓರ್ವೋ ಡಬ್ಬಿಯ ಮೇಲೆ ಎನ್‌ಪಿ 20, ಎನ್‌ಪಿ 22, ಎನ್‌ಪಿ 27 ಅಂತ ಇರುತ್ತದೆ. ಆ ಅಂಕಿ ಡಿನ್ ಅನ್ನುವ ಜರ್ಮನ್ ಲೆಕ್ಕದ ವೇಗ. 20 ಅಂದರೆ ಈಗಿನ ಐಎಸ್‌ಒ 80, 22 ಅಂದರೆ 125, 27 ಅಂದರೆ 400. ಇವನ್ನೆಲ್ಲ ಬೇರೆ ಗುಂಪಾಗಿ ಇಡಿ, ಕೈ ಪಳಗುವವರೆಗೆ ಮುಟ್ಟಬೇಡಿ.

ಕೊಡಕ್‌ನ ಹಳೆಯ ಸ್ಲೈಡ್ ಫಿಲ್ಮ್ ಕೊಡಾಕ್ರೋಮ್ ಸಿಕ್ಕಿದರೆ ಅದರ ಬಣ್ಣದ ಆಸೆ ಬಿಡಬೇಕು. ಅದಕ್ಕೆ ಬೇಕಾದ ಕೆ-14 ಪ್ರೊಸೆಸ್ ಮಾಡುತ್ತಿದ್ದ ಕೊನೆಯ ಲ್ಯಾಬು ಅಮೆರಿಕದ ಕಾನ್ಸಾಸ್‌ನಲ್ಲಿತ್ತು, 2010ರ ಡಿಸೆಂಬರ್ 30ಕ್ಕೆ ರೋಲು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಈಗ ಏನಿದ್ದರೂ ಕಪ್ಪುಬಿಳುಪಾಗಿ ತೊಳೆದು ಬಂದಷ್ಟು ಪಡೆಯುವುದು.

ಮುಂಬೈಯಲ್ಲಿ ಸಿನಿಮಾ ಫಿಲ್ಮಿನ ಉಳಿದ ತುಂಡುಗಳನ್ನು ಡಬ್ಬಿಗೆ ಸುತ್ತಿ ಕೊಡುವವರೂ ಇದ್ದರು. ಸಿನಿಮಾ ಕಲರ್ ನೆಗೆಟಿವ್ ಆದರೆ ಹಿಂಬದಿಗೆ ರೆಮ್‌ಜೆಟ್ ಅನ್ನುವ ಕಪ್ಪು ಇಂಗಾಲದ ಪದರ ಇರುವ ಸಾಧ್ಯತೆ ಜಾಸ್ತಿ. ಹೇಳದೆ ಲ್ಯಾಬಿಗೆ ಕೊಟ್ಟರೆ ಅವರ ಮಷಿನ್‌ನೊಳಗಿನ ಬೇರೆಯವರ ರೋಲುಗಳೂ ಕೆಡುತ್ತವೆ. ಹಾಗಾಗಿ ಕೈಯಲ್ಲಿ ಸುತ್ತಿದ ಡಬ್ಬಿ ಕಂಡರೆ ಮೇಲಿನ ಚೀಟಿಯನ್ನು ಪೂರ್ತಿ ನಂಬಬೇಡಿ. 100 ಅಡಿಯ ಬಲ್ಕ್ ಫಿಲ್ಮ್ ತಂದು ಹಳೆ ಡಬ್ಬಿಗಳಿಗೆ ತುಂಬುವುದು ಇಲ್ಲಿ ಬಹಳ ಕಾಲದ ರೂಢಿ. ಡಬ್ಬಿ ಒಂದು, ಒಳಗಿನ ಫಿಲ್ಮ್ ಇನ್ನೊಂದು.

ಒಂದೊಂದು ರೋಲಿಗೂ ಮಾಸ್ಕಿಂಗ್ ಟೇಪ್ ಅಂಟಿಸಿ ನಂಬರ್ ಹಾಕಿ. ನೋಟ್‌ಬುಕ್ಕಿನಲ್ಲಿ ಆ ನಂಬರಿನ ಮುಂದೆ ಫಿಲ್ಮ್ ಹೆಸರು, ಸುಮಾರು ಯಾವಾಗ ತೆಗೆದದ್ದು, ಏನಿರಬಹುದು, ಎಷ್ಟು ಐಎಸ್‌ಒಗೆ ಮೀಟರ್ ಇಟ್ಟಿದ್ದಿರಿ ಇಷ್ಟು ಬರೆಯಿರಿ. 400ರ ಫಿಲ್ಮನ್ನು ರಾತ್ರಿಯ ಯಕ್ಷಗಾನಕ್ಕಾಗಿ 1600 ಅಂತ ಮೀಟರ್ ಇಟ್ಟು ತೆಗೆದಿದ್ದರೆ ಅದನ್ನು ದಪ್ಪಕ್ಷರದಲ್ಲಿ ಬರೆಯಿರಿ, ಅದಕ್ಕೆ ಸಮಯ ಬೇರೆ.

ಈ ಮಳೆಗಾಲದೊಳಗೆ ಮುಗಿಯದು ಅನ್ನಿಸುವ ರೋಲುಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ ತೆಗೆದು ಫ್ರೀಜರಿನಲ್ಲಿಡಿ. ಹೊರತೆಗೆದಾಗ ಚೀಲ ಬಿಚ್ಚಬೇಡಿ. ಒಂದು ರಾತ್ರಿ ಹಾಗೇ ಹೊರಗಿರಲಿ. ತಣ್ಣಗಿನ ಫಿಲ್ಮ್ ಮೇಲೆ ನಮ್ಮ ಗಾಳಿ ಬಿದ್ದರೆ ಕ್ಷಣದಲ್ಲಿ ನೀರಹನಿ ಕಟ್ಟುತ್ತದೆ.

ಸರದಿ: ಜೀವದಂಥ ರೋಲು ಮೊದಲು ಬೇಡ

ಎಲ್ಲರಿಗೂ ಮೊದಲು ತೊಳೆಯಬೇಕು ಅನ್ನಿಸುವುದು ಅಜ್ಜಿಯ ಕೊನೆಯ ಫೋಟೋ ಇರುವ ರೋಲೇ. ದಯವಿಟ್ಟು ಬೇಡ. ಡೆವಲಪರ್ ಹೊಸದು, ಥರ್ಮಾಮೀಟರ್ ಎಷ್ಟು ಸರಿಯೋ ಗೊತ್ತಿಲ್ಲ, ಕೈಗೆ ಅಭ್ಯಾಸ ತಪ್ಪಿದೆ. ಅದೇ ಜಾತಿಯ, ಅದೇ ಕಾಲದ, ಹೋದರೂ ಪರವಾಗಿಲ್ಲ ಅನ್ನುವ ರೋಲು ಹುಡುಕಿ ಅದನ್ನು ಮೊದಲು ತೊಳೆಯಿರಿ. ಮರೀನ್ ಡ್ರೈವ್‌ನಲ್ಲಿ ಸುಮ್ನೆ ತೆಗೆದ ಅಲೆಗಳ ರೋಲು ಇಂಥದ್ದಕ್ಕೆ ಸರಿ. ಅದು ಚೆನ್ನಾಗಿ ಬಂದರೆ ಆ ಗುಂಪಿನ ಉಳಿದ ರೋಲುಗಳಿಗೂ ಅದೇ ಸಮಯ, ಅದೇ ತಾಪ.

ಗುಂಪು ಮಾಡುವುದು ಫಿಲ್ಮಿನ ಹೆಸರಿನ ಮೇಲೆ, ತೆಗೆದ ಸಂದರ್ಭದ ಮೇಲೆ ಅಲ್ಲ. ಎಚ್‌ಪಿ5 ಎಲ್ಲ ಒಂದು ಕಡೆ, ಟ್ರೈ-ಎಕ್ಸ್ ಒಂದು ಕಡೆ, ಎಫ್‌ಪಿ4 ಒಂದು ಕಡೆ. ಒಂದೇ ಟ್ಯಾಂಕಿನಲ್ಲಿ ಎರಡು ಬಗೆಯ ಫಿಲ್ಮ್ ಹಾಕಿ ಸರಾಸರಿ ಸಮಯ ಕೊಡುವ ಚಾಳಿ ಬೇಡ, ಎರಡಕ್ಕೂ ನ್ಯಾಯ ಸಿಗುವುದಿಲ್ಲ. ಗುಂಪಿನೊಳಗೆ ಸೂಕ್ಷ್ಮ ಫಿಲ್ಮಿಗೆ, ಹೆಚ್ಚು ದಿನದಿಂದ ಕಾದಿರುವುದಕ್ಕೆ ಮೊದಲ ಸರದಿ.

ಒಂದು ಸಂಜೆಗೆ ಎರಡು ಟ್ಯಾಂಕು ಸಾಕು. ಎರಡು ರೋಲು ಹಿಡಿಯುವ ಟ್ಯಾಂಕಾದರೆ ನಾಲ್ಕು ರೋಲು ಮುಗಿಯಿತು. ಅದಕ್ಕಿಂತ ಜಾಸ್ತಿ ಮಾಡಲು ಹೋದರೆ ಸ್ಪೈರಲ್ ಒಣಗಿರುವುದಿಲ್ಲ, ನೇತುಹಾಕಲು ಜಾಗ ಇರುವುದಿಲ್ಲ, ಕೊನೆಯ ಟ್ಯಾಂಕಿನ ಹೊತ್ತಿಗೆ ಗಮನವೂ ಇರುವುದಿಲ್ಲ.

ಸಾಮಾನು ಮತ್ತು ಲೆಕ್ಕ

ಕಪ್ಪುಬಿಳುಪಿನ ಬಾಕಿಗೆ ನನ್ನ ಆಯ್ಕೆ ಕೊಡಕ್ ಡಿ-76 ಅಥವಾ ಇಲ್ಫರ್ಡ್ ಐಡಿ-11. ಎರಡೂ ಹೆಚ್ಚುಕಮ್ಮಿ ಒಂದೇ. ಡಿ-76 ಬಂದದ್ದು 1927ರಲ್ಲಿ, ಅಂದಿನಿಂದ ಇಂದಿನವರೆಗೆ ಬಹುತೇಕ ಎಲ್ಲ ಫಿಲ್ಮಿಗೂ ಇದರ ಸಮಯ ಸಿಗುತ್ತದೆ. ಬಾಕಿಯಲ್ಲಿ ನಾನಾ ಬಗೆಯ ಫಿಲ್ಮ್ ಇರುವವರಿಗೆ ಇದೇ ದೊಡ್ಡ ಅನುಕೂಲ. ಫಿಲ್ಮ್, ಕೆಮಿಕಲ್‌ಗೆ ಸಿಎಸ್‌ಎಂಟಿ ಹತ್ತಿರದ ಬೋರಾ ಬಜಾರ್ ಕಡೆಯ ಕ್ಯಾಮೆರಾ ಅಂಗಡಿಗಳಲ್ಲಿ ವಿಚಾರಿಸಿ. ಅಳತೆ ಜಾರು, ಗಾಜಿನ ಕಡ್ಡಿ, ಥರ್ಮಾಮೀಟರ್ ಲ್ಯಾಬ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಥರ್ಮಾಮೀಟರಿಗೆ ಮಾತ್ರ ಜಿಪುಣತನ ಬೇಡ.

ಪುಡಿಯನ್ನು 50ರಿಂದ 55 ಡಿಗ್ರಿ ಬಿಸಿನೀರಿನಲ್ಲಿ ಕರಗಿಸಿ, ಒಂದು ರಾತ್ರಿ ಬಿಡಿ. ಒಂದು ಲೀಟರ್ ಬಾಟಲಿಯ ಬದಲು 300 ಮಿ.ಲೀ. ಹಿಡಿಯುವ ಚಿಕ್ಕ ಬಾಟಲಿಗಳಿಗೆ ಕುತ್ತಿಗೆಯವರೆಗೆ ತುಂಬಿ. ತುಂಬಿದ ಬಾಟಲಿಯಲ್ಲಿ ಡಿ-76 ಆರು ತಿಂಗಳು ಇರುತ್ತದೆ, ಅರ್ಧ ಖಾಲಿಯಾದರೆ ಎರಡೇ ತಿಂಗಳು. ನಮ್ಮ ಸೆಕೆಗೆ ಅದಕ್ಕಿಂತ ಬೇಗ ಮುಗಿಸುವುದು ಒಳ್ಳೆಯದು. ಬಾಕಿ ಇರುವವರಿಗೆ ಅದೇನೂ ಕಷ್ಟ ಅಲ್ಲ.

300 ಮಿ.ಲೀ. ಯಾಕೆ ಅಂದರೆ, ಪ್ಯಾಟರ್ಸನ್ ಟ್ಯಾಂಕಿನಲ್ಲಿ 35 ಎಂಎಂ ರೋಲೊಂದಕ್ಕೆ 290 ಮಿ.ಲೀ. ದ್ರಾವಣ ಬೇಕು, ಎರಡಕ್ಕೆ 600 ಅಂತ ಇಟ್ಟುಕೊಳ್ಳಿ. ಅರ್ಧ ಸ್ಟಾಕ್ (ಬಾಟಲಿಯಲ್ಲಿಟ್ಟ ಮೂಲ ದ್ರಾವಣ), ಅರ್ಧ ನೀರು ಬೆರೆಸುವ 1+1 ವಿಧಾನದಲ್ಲಿ 300 ಸ್ಟಾಕ್‌ಗೆ 300 ನೀರು. ಒಂದು ಬಾಟಲಿ, ಒಂದು ಟ್ಯಾಂಕು, ಬಳಸಿದ ಮೇಲೆ ಚೆಲ್ಲುವುದು. ಒಂದು ಲೀಟರ್ ಪೊಟ್ಟಣದಲ್ಲಿ ಆರು ರೋಲು ಆರಾಮಾಗಿ ಆಗುತ್ತದೆ. ಬಾಕಿ ಎಷ್ಟಿದೆಯೋ ಎಣಿಸಿ, ಅಷ್ಟಕ್ಕೆ ಬೇಕಾದ ಪೊಟ್ಟಣ ಒಂದೇ ಸಲ ತನ್ನಿ, ಬೆರೆಸುವುದು ಮಾತ್ರ ಒಂದೊಂದಾಗಿ.

ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್‌ಗೆ ಕಿರಾಣಿ ಅಂಗಡಿಯ ಸಿಟ್ರಿಕ್ ಆಸಿಡ್ ಸಾಕು, ಲೀಟರಿಗೆ 15 ಗ್ರಾಂ. ಆಮೇಲೆ, ಉಳಿದ ಬೆಳ್ಳಿಯ ಲವಣ ಕರಗಿಸಿ ಚಿತ್ರ ಉಳಿಸುವ ಫಿಕ್ಸರ್. ಇಲ್ಫರ್ಡ್ ರ‍್ಯಾಪಿಡ್ ಫಿಕ್ಸರ್ ಆದರೆ 1+4, ಹೀಗೆ ಬೆರೆಸಿದ ಒಂದು ಲೀಟರಿನಲ್ಲಿ 24 ರೋಲು ಆಗುತ್ತದೆ ಅನ್ನುವುದು ಕಂಪನಿಯ ಲೆಕ್ಕ. ಡಿ-76ರಲ್ಲಿರುವ ಮೆಟಾಲ್ ಅನ್ನುವ ಕೆಮಿಕಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಕೈಗವಸು ಹಾಕಿ. ಇದಕ್ಕೆ ಬಳಸಿದ ಜಗ್ಗು, ಚಮಚ ಮತ್ತೆ ಅಡುಗೆಮನೆಗೆ ಹೋಗಬಾರದು. ಮಕ್ಕಳಿರುವ ಮನೆಯಲ್ಲಿ ಬಾಟಲಿಗಳಿಗೆ ದೊಡ್ಡ ಚೀಟಿ ಅಂಟಿಸಿ ಮೇಲಿಡಿ.

ಬಚ್ಚಲನ್ನು ಕತ್ತಲು ಮಾಡುವುದು

ಪೂರ್ತಿ ಕತ್ತಲು ಬೇಕಾಗಿರುವುದು ಫಿಲ್ಮನ್ನು ಸ್ಪೈರಲಿಗೆ ಏರಿಸಿ ಟ್ಯಾಂಕಿನ ಮುಚ್ಚಳ ಹಾಕುವವರೆಗೆ ಮಾತ್ರ. ಆಮೇಲಿನದ್ದೆಲ್ಲ ದೀಪ ಹಾಕಿಕೊಂಡೇ. ಕೈ ತೂರಿಸಿ ಕೆಲಸ ಮಾಡುವ, ಬೆಳಕು ಬೀಳದ ಚೇಂಜಿಂಗ್ ಬ್ಯಾಗ್ ಇದ್ದವರು ಅದನ್ನೇ ಬಳಸಬಹುದು, ಆದರೆ ಮೇ ತಿಂಗಳ ಮುಂಬೈಯಲ್ಲಿ ಐದು ನಿಮಿಷಕ್ಕೇ ಅದರೊಳಗೆ ಕೈ ಬೆವರಿ ಒಳಗೆಲ್ಲ ಆವಿ ತುಂಬುತ್ತದೆ. ತೇವಕ್ಕೆ ಫಿಲ್ಮಿನ ಜೆಲಟಿನ್ ಅಂಟಂಟಾಗಿ ಪ್ಲಾಸ್ಟಿಕ್ ಸ್ಪೈರಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ನನಗೆ ಬಚ್ಚಲೇ ಇಷ್ಟ.

ರಾತ್ರಿ ಮಾಡಿ. ಗಾಳಿಕಿಂಡಿಗೆ ಕಪ್ಪು ಚಾರ್ಟ್ ಪೇಪರ್ ಎರಡು ಪದರ, ಅಂಚಿಗೆ ಟೇಪ್. ಬಾಗಿಲ ಕೆಳಗಿನ ಸಂದಿಗೆ ಮಡಿಸಿದ ಬೆಡ್‌ಶೀಟು, ಹೊರಗಿನ ಕೋಣೆಯ ದೀಪ ಆಫ್. ಒಳಗೆ ಕೂತು ಹತ್ತು ಹದಿನೈದು ನಿಮಿಷ ಸುಮ್ಮನಿರಿ. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಎಲ್ಲಿಂದ ಬೆಳಕು ಬರುತ್ತಿದೆ ಅನ್ನುವುದು ತಾನಾಗಿ ಕಾಣುತ್ತದೆ: ಎದುರಿನ ಕಟ್ಟಡದ ಟ್ಯೂಬ್‌ಲೈಟು, ಗೀಸರಿನ ಕೆಂಪು ದೀಪ, ಕೈಯಲ್ಲಿರುವ ವಾಚು. ಮುಖದ ಮುಂದೆ ಹಿಡಿದ ಬಿಳಿ ಕಾಗದ ಕಾಣದಿದ್ದರೆ ಕತ್ತಲು ಸಾಕು. ಸ್ನಾನ ಆದ ಕೂಡಲೇ ಲೋಡ್ ಮಾಡಲು ಹೋಗಬೇಡಿ, ಆ ಹಬೆ ಇಳಿದಿರಬೇಕು.

ಸ್ಪೈರಲ್ ಪೂರ್ತಿ ಒಣಗಿರಬೇಕು. ಒಂದು ಹನಿ ನೀರಿದ್ದರೂ ಫಿಲ್ಮ್ ಅಲ್ಲೇ ನಿಲ್ಲುತ್ತದೆ. ಲೋಡ್ ಮಾಡುವ ಮೊದಲು ಹೇರ್ ಡ್ರೈಯರಿನಿಂದ ತಣ್ಣನೆ ಗಾಳಿ ಬಿಡಿ. ಎರಡನೇ ಟ್ಯಾಂಕಿಗೆ ಬೇರೆ ಒಣ ಸ್ಪೈರಲುಗಳನ್ನೇ ಇಟ್ಟುಕೊಳ್ಳಿ, ಮಳೆಗಾಲದಲ್ಲಿ ಇದು ಕಡ್ಡಾಯ ಅಂತಲೇ ತಿಳಿಯಿರಿ.

ಕತ್ತಲಲ್ಲಿ ಸಾಮಾನು ಇಡುವ ಕ್ರಮವೂ ಗೊತ್ತಿರಬೇಕು. ಎಡಗಡೆ ರೋಲು, ಡಬ್ಬಿ ತೆರೆಯುವ ಓಪನರ್, ಮೊಂಡು ತುದಿಯ ಕತ್ತರಿ. ಮುಂದೆ ಸ್ಪೈರಲು. ಬಲಗಡೆ ಟ್ಯಾಂಕು, ನಡುವಿನ ಕೊಳವೆ, ಮುಚ್ಚಳ. ದೀಪ ಇರುವಾಗಲೇ ಫಿಲ್ಮಿನ ನಾಲಗೆ ಹೊರಗೆ ಕಾಣುತ್ತಿದ್ದರೆ ಅದನ್ನು ನೇರ ಕತ್ತರಿಸಿ, ಎರಡು ಮೂಲೆಗಳನ್ನು ಸಣ್ಣಗೆ ಗುಂಡಾಗಿಸಿ. ಮೂಲೆ ಚೂಪಾಗಿದ್ದರೆ ಸ್ಪೈರಲಿನ ತೋಡಿಗೆ ತಾಗಿ ನಿಲ್ಲುತ್ತದೆ. ದೀಪ ಆರಿಸಿದ ಮೇಲೆ ಸ್ಪೈರಲಿನ ಬಾಯಿಯ ಎರಡು ಕಿವಿಗಳನ್ನು ಹೆಬ್ಬೆರಳಲ್ಲಿ ತಡವಿ ಎದುರುಬದುರು ತಂದು, ಅವುಗಳ ಕೆಳಗೆ ಫಿಲ್ಮಿನ ತುದಿ ತೂರಿಸಿ, ಪುಟ್ಟ ಗುಂಡುಗಳನ್ನು ದಾಟುವವರೆಗೆ ಎಳೆಯಿರಿ. ಆಮೇಲೆ ಎಡ, ಬಲ, ಎಡ, ಬಲ. ಸರಿ ಹೋಗುತ್ತಿದ್ದರೆ ಮೆತ್ತಗೆ ಸರ್‌ಸರ್ ಸದ್ದು ಬರುತ್ತದೆ. ಕಟಕ್ ಅಂದರೆ, ಅಥವಾ ಬೆರಳಿಗೆ ಫಿಲ್ಮ್ ಬಿಲ್ಲಿನಂತೆ ಬಾಗಿದ್ದು ತಾಗಿದರೆ ಅಲ್ಲೇ ನಿಲ್ಲಿಸಿ. ಬಲ ಹಾಕಬಾರದು. ಹಿಂದಕ್ಕೆ ಎಳೆದು ಮತ್ತೆ ಏರಿಸಿ. ಅಷ್ಟಕ್ಕೂ ಬಗ್ಗದಿದ್ದರೆ ಫಿಲ್ಮನ್ನು ಹಾಗೇ ಟ್ಯಾಂಕಿನೊಳಗೆ ಹಾಕಿ ಮುಚ್ಚಳ ಬಿಗಿಮಾಡಿ, ದೀಪ ಹಾಕಿ, ಕೈ ಒರೆಸಿ, ಒಂದು ಲೋಟ ನೀರು ಕುಡಿದು ಬನ್ನಿ. ಫಿಲ್ಮ್ ಎಲ್ಲೂ ಹೋಗುವುದಿಲ್ಲ. ನಡುವಿನ ಕೊಳವೆ ಮಾತ್ರ ಟ್ಯಾಂಕಿನೊಳಗೆ ಇರಲೇಬೇಕು, ಬೆಳಕನ್ನು ತಡೆಯುವುದು ಅದೇ.

ತಾಪ: ನಮ್ಮೂರ ದೊಡ್ಡ ತಲೆನೋವು

ಪುಸ್ತಕಗಳಲ್ಲಿ ಎಲ್ಲ ಸಮಯವೂ 20 ಡಿಗ್ರಿಗೆ ಕೊಟ್ಟಿರುತ್ತದೆ. ಮೇ ತಿಂಗಳಲ್ಲಿ ಸೊಸೈಟಿಯ ಮೇಲಿನ ಟ್ಯಾಂಕಿನ ನೀರು 30 ದಾಟಿರುತ್ತದೆ. ಏನು ಮಾಡುವುದು?

ನನ್ನ ಸಲಹೆ: ಹೊಸ ಫಿಲ್ಮುಗಳಿಗೆ 20ರ ಹಠ ಬಿಟ್ಟು 24ಕ್ಕೆ ಹೊಂದಿಸಿಕೊಳ್ಳಿ. ಎಚ್‌ಪಿ5 ಪ್ಲಸ್‌ಗೆ ಡಿ-76 ನೀರು ಬೆರೆಸದೆ 20 ಡಿಗ್ರಿಯಲ್ಲಿ 7.5 ನಿಮಿಷ, 1+1ರಲ್ಲಿ 11 ನಿಮಿಷ. 24 ಡಿಗ್ರಿಗೆ ಬಂದಾಗ ಇದು ಸುಮಾರು ಮೂವತ್ತು ಪರ್ಸೆಂಟ್ ಇಳಿಯುತ್ತದೆ. ಅಂದರೆ ನೀರು ಬೆರೆಸದೆ 5 ಕಾಲು, 1+1ರಲ್ಲಿ 7 ಮುಕ್ಕಾಲು ನಿಮಿಷದ ಹತ್ತಿರ. ಐದು ನಿಮಿಷಕ್ಕಿಂತ ಕಡಿಮೆಯಾದರೆ ಡೆವಲಪರ್ ಎಲ್ಲ ಕಡೆ ಸಮ ಹರಡುವ ಮೊದಲೇ ಸಮಯ ಮುಗಿದು ಆಕಾಶದಲ್ಲಿ ಪಟ್ಟೆ ಬೀಳುತ್ತದೆ. ಹಾಗಾಗಿ ಸೆಕೆಯಲ್ಲಿ 1+1 ಲೇಸು.

ಇನ್ನೊಂದು ಲಾಭ ಇದೆ. ಸ್ಟಾಕ್ ಬಾಟಲಿ ಕೋಣೆಯ ತಾಪದಲ್ಲಿ 31 ಡಿಗ್ರಿ ಇದೆ ಅಂತಿಟ್ಟುಕೊಳ್ಳಿ. ಅದಕ್ಕೆ ಸಮನಾಗಿ 17 ಡಿಗ್ರಿಯ ನೀರು ಬೆರೆಸಿದರೆ ಸರಿಯಾಗಿ 24. ಫ್ರಿಜ್ಜಿನ ನೀರಿಗೆ ನಲ್ಲಿ ನೀರು ಸೇರಿಸಿ 17 ಮಾಡುವುದು ಸುಲಭ. 20ಕ್ಕೇ ಇಳಿಸಬೇಕಾದರೆ ನೀರು 9 ಡಿಗ್ರಿ ಇರಬೇಕು, ಅಂದರೆ ನೇರ ಫ್ರಿಜ್ಜಿನದ್ದೇ. ಐಸ್ ಗಡ್ಡೆಯನ್ನು ಡೆವಲಪರಿನೊಳಗೆ ಎಂದೂ ಹಾಕಬೇಡಿ, ಅದು ಕರಗಿ ಅಳತೆಯೇ ಕೆಡುತ್ತದೆ.

ಇಳಿಸಿದ ತಾಪ ಉಳಿಯಬೇಕಲ್ಲ, ಅದಕ್ಕೆ ಅಗಲವಾದ ಪ್ಲಾಸ್ಟಿಕ್ ಟಬ್. ಅರ್ಧ ನೀರು ತುಂಬಿ, ಹಿಂದಿನ ದಿನವೇ ಫ್ರೀಜರಿನಲ್ಲಿ ಗಟ್ಟಿಮಾಡಿದ ನೀರಿನ ಬಾಟಲಿ ಮುಳುಗಿಸಿ. ಟಬ್ಬಿನ ನೀರು 24ಕ್ಕೆ ಬಂದಾಗ ಬಾಟಲಿ ಹೊರತೆಗೆಯಿರಿ, ಏರಿದಾಗ ಮತ್ತೆ ಮುಳುಗಿಸಿ. ಡೆವಲಪರ್ ಮಾತ್ರವಲ್ಲ, ಸ್ಟಾಪ್, ಫಿಕ್ಸರ್, ಆಮೇಲೆ ತೊಳೆಯುವ ನೀರು ಎಲ್ಲವೂ ಈ ಟಬ್ಬಿನಲ್ಲೇ ಇರಬೇಕು. ಫಿಲ್ಮನ್ನು 24ರ ಡೆವಲಪರಿನಿಂದ ತೆಗೆದು 32ರ ನಲ್ಲಿ ನೀರಿಗೆ ಹಿಡಿದರೆ ಮೆತ್ತಗಾದ ಜೆಲಟಿನ್ ಸುಕ್ಕುಗಟ್ಟುವ ಅಪಾಯ ಇದೆ, ಒಮ್ಮೆ ಸುಕ್ಕುಗಟ್ಟಿದರೆ ಸರಿಮಾಡಲು ಆಗುವುದಿಲ್ಲ.

ಕಲರ್ ಸಿ-41 ಮಾಡುವವರಿಗೆ ಮಾತ್ರ ನಮ್ಮ ಹವೆ ನೆಂಟ. ಅದರ ಡೆವಲಪರ್ 38 ಡಿಗ್ರಿಯಲ್ಲಿ 3 ನಿಮಿಷ 15 ಸೆಕೆಂಡ್. 31ರಿಂದ ಅಲ್ಲಿಗೆ ಏರಿಸಿ ಹಿಡಿಯುವುದು ದೊಡ್ಡ ಕೆಲಸ ಅಲ್ಲ. ಆದರೆ ಬೆರೆಸಿದ ಕಲರ್ ಕಿಟ್ ಬೇಗ ಹಾಳಾಗುತ್ತದೆ, ಹಾಗಾಗಿ ಕಲರ್ ರೋಲುಗಳನ್ನೆಲ್ಲ ಕೂಡಿಟ್ಟು ಒಂದೇ ವಾರದಲ್ಲಿ ಮುಗಿಸಿ. ಮೂರ್ನಾಲ್ಕೇ ಇದ್ದರೆ ಲ್ಯಾಬಿಗೆ ಕೊಡುವುದೇ ಅಗ್ಗ.

ಟ್ಯಾಂಕಿನ ಕೆಲಸ

ಮೊದಲು ಫಿಕ್ಸರ್ ಪರೀಕ್ಷೆ. ಕತ್ತರಿಸಿದ ನಾಲಗೆಯ ತುಂಡನ್ನು ಬೆಳಕಿನಲ್ಲೇ ಫಿಕ್ಸರಿಗೆ ಹಾಕಿ. ಮಾಸಲು ಹಾಲುಬಣ್ಣದ ತುಂಡು ನೋಡನೋಡುತ್ತಲೇ ಅಂಚಿನಿಂದ ತಿಳಿಯಾಗುತ್ತಾ ಬಂದು, ಕೊನೆಗೆ ಅದರಾಚೆಗಿನ ನಿಮ್ಮ ಬೆರಳು ಕಾಣುತ್ತದೆ. ಅಷ್ಟಕ್ಕೆ ಎಷ್ಟು ಸಮಯ ಹಿಡಿಯಿತೋ ಅದರ ಎರಡರಷ್ಟು ಹೊತ್ತು ಫಿಕ್ಸ್ ಮಾಡಬೇಕು, ಟಿ-ಮ್ಯಾಕ್ಸ್, ಡೆಲ್ಟಾ ಫಿಲ್ಮ್ ಆದರೆ ಮೂರರಷ್ಟು. ಹೊಸ ಫಿಕ್ಸರ್ ತೆಗೆದುಕೊಂಡ ಸಮಯವನ್ನು ಬಾಟಲಿ ಮೇಲೆ ಬರೆದಿಡಿ. ಅದರ ಎರಡರಷ್ಟು ಹಿಡಿಯಲು ಶುರುವಾದ ದಿನ ಆ ಬಾಟಲಿಯನ್ನು ನಿಲ್ಲಿಸಿ.

ಡೆವಲಪರನ್ನು ಒಂದೇ ಸಲಕ್ಕೆ ಬೇಗ ಹುಯ್ಯಿರಿ, ಟೈಮರ್ ಶುರು. ಮೊದಲ ಹತ್ತು ಸೆಕೆಂಡಿನಲ್ಲಿ ಟ್ಯಾಂಕನ್ನು ನಾಲ್ಕು ಸಲ ತಲೆಕೆಳಗು ಮಾಡಿ. ಆಮೇಲೆ ನೆಲಕ್ಕೆ ಎರಡು ಸಲ ಮೆಲ್ಲಗೆ ಕುಟ್ಟಿ, ಗಾಳಿಗುಳ್ಳೆ ಬಿಡಲಿ. ಪ್ರತಿ ನಿಮಿಷದ ಶುರುವಿನಲ್ಲಿ ಇದೇ ನಾಲ್ಕು ಸಲ. ನಡುವೆ ಟ್ಯಾಂಕು ಟಬ್ಬಿನಲ್ಲಿ ಕೂರಲಿ. ಇಲ್ಲಿ ಮುಖ್ಯವಾದದ್ದು ಪ್ರತಿ ಟ್ಯಾಂಕಿಗೂ ಒಂದೇ ಥರ ಮಾಡುವುದು. ಇವತ್ತು ನಾಲ್ಕು, ನಾಳೆ ಆರು ಆದರೆ ಒಂದೇ ಹಬ್ಬದ ಎರಡು ರೋಲು ಎರಡು ಥರ ಬರುತ್ತವೆ. ಸಮಯ ಮುಗಿಯಲು ಹದಿನೈದು ಸೆಕೆಂಡ್ ಇರುವಾಗ ಚೆಲ್ಲಲು ಶುರು ಮಾಡಿ. ಸ್ಟಾಪ್ ಹುಯ್ದು ಅರ್ಧ ನಿಮಿಷ. ಫಿಕ್ಸರ್ ಮೂರರಿಂದ ಐದು ನಿಮಿಷ. ಫಿಕ್ಸರ್ ಮಾತ್ರ ವಾಪಸ್ ಬಾಟಲಿಗೆ, ಮೇಲೆ ಎಷ್ಟು ರೋಲಾಯಿತು ಅನ್ನುವ ಗೆರೆ ಎಳೆಯುತ್ತಾ ಹೋಗಿ.

ನೀರು ಗಂಟೆ ಲೆಕ್ಕದಲ್ಲಿ ಬರುವ ಮನೆಗಳಲ್ಲಿ ನಲ್ಲಿ ಬಿಟ್ಟು ಹತ್ತು ನಿಮಿಷ ತೊಳೆಯುವುದು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಇಲ್ಫರ್ಡ್ ಹೇಳುವ ವಿಧಾನ ನಮಗೆ ಹೇಳಿ ಮಾಡಿಸಿದ್ದು. ಟಬ್ಬಿನಲ್ಲಿಟ್ಟ ನೀರು ತುಂಬಿ ಐದು ಸಲ ತಲೆಕೆಳಗು ಮಾಡಿ ಚೆಲ್ಲಿ. ಮತ್ತೆ ತುಂಬಿ ಹತ್ತು ಸಲ. ಮತ್ತೆ ತುಂಬಿ ಇಪ್ಪತ್ತು ಸಲ. ಎರಡು ರೋಲಿಗೆ ಎರಡು ಲೀಟರೂ ಬೇಡ. ಜೆಲಟಿನನ್ನು ಗಟ್ಟಿಮಾಡದ ಫಿಕ್ಸರ್ ಬಳಸಿದಾಗ ಇಷ್ಟೇ ಸಾಕು.

ಕೊನೆಯ ಅದ್ದುವಿಕೆ ಡಿಸ್ಟಿಲ್ಡ್ ನೀರಿನಲ್ಲಿ. ಭಾತ್ಸಾ, ವೈತರಣಾ, ತಾನ್ಸಾ ಕಡೆಯಿಂದ ಬರುವ ಮುನ್ಸಿಪಾಲಿಟಿ ನೀರು ಅಷ್ಟೇನೂ ಗಡಸಲ್ಲ, ಆದರೆ ನಿಮ್ಮ ಸೊಸೈಟಿಗೆ ಟ್ಯಾಂಕರ್ ಅಥವಾ ಬೋರ್ ನೀರು ಸೇರುತ್ತಿದ್ದರೆ ಸುಣ್ಣದ ಚುಕ್ಕೆ ಗ್ಯಾರಂಟಿ. ನೀರು ಹನಿಗಟ್ಟದೆ ಜಾರುವಂತೆ ಮಾಡುವ ಕೊಡಕ್ ಫೋಟೋ-ಫ್ಲೋ ಇದ್ದರೆ 1+200, ಅರ್ಧ ನಿಮಿಷ. ಜಾಸ್ತಿ ಹಾಕಿದರೆ ಅದೇ ಕಲೆಯಾಗುತ್ತದೆ.

ಮಳೆಗಾಲದಲ್ಲಿ ಒಣಗಿಸುವುದು

ಒಣಗಿಸಲೂ ಬಚ್ಚಲೇ ಒಳ್ಳೆಯ ಜಾಗ, ಮನೆಯಲ್ಲೇ ಧೂಳು ಕಡಿಮೆ ಇರುವುದು ಅಲ್ಲಿ. ನೇತುಹಾಕುವ ಮೊದಲು ಗೋಡೆ, ನೆಲಕ್ಕೆ ನೀರು ಚಿಮುಕಿಸಿ, ಧೂಳು ಕೂರುತ್ತದೆ. ಮೇಲೊಂದು ಕ್ಲಿಪ್, ಕೆಳಗೆ ಭಾರಕ್ಕೆ ಇನ್ನೊಂದು. ಬಾಗಿಲು ಹಾಕಿ ಮರೆತುಬಿಡಿ. ಫ್ಯಾನ್ ಬೇಡವೇ ಬೇಡ. ಚಳಿಗಾಲದಲ್ಲಿ ಮೂರ್ನಾಲ್ಕು ಗಂಟೆ ಸಾಕು. ಜುಲೈಯಲ್ಲಿ ಇಡೀ ರಾತ್ರಿ ಬಿಟ್ಟರೂ ಬೆಳಗ್ಗೆ ಕೆಳತುದಿ ಸ್ವಲ್ಪ ಮೆತ್ತಗಿರಬಹುದು, ಕತ್ತರಿಸಲು ಅವಸರ ಬೇಡ. ಮನೆಯವರಿಗೆ ಮೊದಲೇ ಹೇಳಿಡಿ, ಆ ರಾತ್ರಿ ಬಿಸಿನೀರಿನ ಸ್ನಾನ ಇಲ್ಲ ಅಂತ.

ಒಣಗಿದ ಮೇಲೆ ಆರಾರು ಫ್ರೇಮಿಗೆ ಕತ್ತರಿಸಿ ನೆಗೆಟಿವ್ ಸ್ಲೀವಿಗೆ ಹಾಕಿ, ಮೇಲೆ ನೋಟ್‌ಬುಕ್ಕಿನ ಅದೇ ನಂಬರ್ ಬರೆಯಿರಿ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ತೊಳೆದ ನೆಗೆಟಿವಿಗೂ ಬೂಸ್ಟು ಹಿಡಿಯುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ತೆಗೆದು ನೋಡುವುದು ಒಳ್ಳೆಯದು.

ಮುಂದಿನ ಟ್ಯಾಂಕಿಗೆ ಮೊದಲು ನೆಗೆಟಿವ್ ಓದಿ

ಇದನ್ನು ಬಿಟ್ಟು ಮುಂದಿನ ಟ್ಯಾಂಕಿಗೆ ಹೋಗುವವರೇ ಹೆಚ್ಚು. ಫ್ರೇಮಿಗಿಂತ ಮೊದಲು ಅಂಚಿನ ಅಕ್ಷರ ನೋಡಿ. ಫಿಲ್ಮಿನ ಹೆಸರು, ನಂಬರುಗಳನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಬರೆದಿರುತ್ತಾರೆ, ನಿಮ್ಮ ಕ್ಯಾಮೆರಾಗೂ ಅದಕ್ಕೂ ಸಂಬಂಧವಿಲ್ಲ. ಅಕ್ಷರ ಗಟ್ಟಿ ಕಪ್ಪಾಗಿದ್ದು ಫ್ರೇಮು ತೆಳುವಾಗಿದ್ದರೆ ತೊಳೆದದ್ದು ಸರಿ, ತೆಗೆಯುವಾಗ ಬೆಳಕು ಸಾಲಲಿಲ್ಲ ಅಂತ. ಅಕ್ಷರವೂ ಮಂಕಾಗಿದ್ದರೆ ಡೆವಲಪರ್ ಸತ್ತಿದೆ ಅಥವಾ ಸಮಯ ಕಡಿಮೆ ಆಗಿದೆ. ಅಕ್ಷರವೂ ಇಲ್ಲ, ಇಡೀ ರೋಲು ಗಾಜಿನ ಹಾಗೆ ತಿಳಿ ಅಂದರೆ ಫಿಕ್ಸರನ್ನೇ ಮೊದಲು ಹುಯ್ದಾಗಿದೆ, ಇಲ್ಲವೇ ಡೆವಲಪರ್ ಪೂರ್ತಿ ಕೆಟ್ಟಿದೆ. ಅಕ್ಷರ ಸರಿ, ಫ್ರೇಮೇ ಇಲ್ಲ ಅಂದರೆ ಆ ರೋಲು ಕ್ಯಾಮೆರಾದಲ್ಲಿ ತಿರುಗಿಯೇ ಇಲ್ಲ. ನೆಗೆಟಿವ್ ಮೇಲೆ ಹಾಲಿನಂಥ ಮಬ್ಬು ಕಂಡರೆ ಗಾಬರಿ ಬೇಡ, ಫಿಕ್ಸ್ ಸಾಲದು ಅಷ್ಟೆ, ಹೊಸ ಫಿಕ್ಸರಿಗೆ ಹಾಕಿ ಮತ್ತೆ ತೊಳೆದರೆ ಹೋಗುತ್ತದೆ.

ಈ ಗುಂಪಿನ ಮೊದಲ ರೋಲು ದಟ್ಟ ಆಯಿತೇ? ಮುಂದಿನದಕ್ಕೆ ಸಮಯ ಹತ್ತು ಪರ್ಸೆಂಟ್ ಇಳಿಸಿ. ತೆಳು ಆಯಿತೇ? ಅಷ್ಟೇ ಏರಿಸಿ. ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಹಳೆಯ ರೋಲುಗಳು

ಕೈ ಪಳಗಿದೆ, ಈಗ ಲಾಫ್ಟ್ ಡಬ್ಬಿಯ ಓರ್ವೋ, ಇಂದು ರೋಲುಗಳ ಸರದಿ. ಇವಕ್ಕೆ 24 ಬೇಡ, ಕಷ್ಟವಾದರೂ 20 ಡಿಗ್ರಿ. ಡೆವಲಪರ್ ಕೊಡಕ್ ಎಚ್‌ಸಿ-110 ಇದ್ದರೆ ಉತ್ತಮ, ಮಸುಕು ಕಡಿಮೆ ಏಳುತ್ತದೆ. ಡೈಲ್ಯೂಷನ್ ಬಿ, ಅಂದರೆ 1+31. ರೋಡಿನಲ್ ಅನ್ನುವ ಡೆವಲಪರ್ 1+100ರಲ್ಲಿ ಒಂದು ಗಂಟೆ ಅಲ್ಲಾಡಿಸದೆ ಬಿಡುವ ವಿಧಾನವನ್ನು ಗೊತ್ತಿಲ್ಲದ ಫಿಲ್ಮಿಗೆಲ್ಲ ರಾಮಬಾಣ ಅನ್ನುವವರಿದ್ದಾರೆ. ಮಸುಕು ಹಿಡಿದ ಹಳೆಯ ಫಿಲ್ಮಿಗೆ ನಾನು ಅದನ್ನು ಹೇಳುವುದಿಲ್ಲ. ಅಷ್ಟು ಹೊತ್ತಿನಲ್ಲಿ ಚಿತ್ರದ ಜೊತೆ ಮಸುಕೂ ಬೆಳೆಯುತ್ತದೆ, ಒಂದು ಗಂಟೆ ತಾಪ ಹಿಡಿಯುವುದೂ ಇಲ್ಲಿ ಕಷ್ಟ.

ಇರುವುದು ಒಂದೇ ರೋಲು, ಪ್ರಯೋಗಕ್ಕೆ ಜೊತೆ ಇಲ್ಲ ಅಂದರೆ ಕ್ಲಿಪ್ ಟೆಸ್ಟ್ ಮಾಡಿ. ಪೂರ್ತಿ ಕತ್ತಲಲ್ಲಿ, ಬೆಳಕು ಕಂಡ ನಾಲಗೆಯ ಭಾಗ ದಾಟಿದ ಮೇಲೆ ಅಂಗೈ ಉದ್ದದ ತುಂಡು ಕತ್ತರಿಸಿ. ಎರಡು ಫ್ರೇಮು ಬಲಿ ಹೋಗಬಹುದು, ಉಳಿದ ಮೂವತ್ತನ್ನು ಉಳಿಸಲು ಅದು ದುಬಾರಿ ಅಲ್ಲ. ಉಳಿದ ರೋಲನ್ನು ಬೆಳಕು ಬೀಳದ ಡಬ್ಬಿಯಲ್ಲಿ ಮುಚ್ಚಿ, ತುಂಡನ್ನು 6 ನಿಮಿಷ ತೊಳೆದು ನೋಡಿ. ಚಿತ್ರ ಇದ್ದು ಹಿನ್ನೆಲೆ ಬೂದಿಯಾಗಿದ್ದರೆ ಸಮಯ ಸ್ವಲ್ಪ ಇಳಿಸಿ. ಚಿತ್ರವೇ ಕಾಣದೆ ಹಿನ್ನೆಲೆ ತಿಳಿಯಾಗಿದ್ದರೆ ಏರಿಸಿ. ಹಳೆಯ ಫಿಲ್ಮ್ ಬಿಗಿಯಾಗಿ ಸುರುಳಿ ಸುತ್ತಿಕೊಂಡಿರುತ್ತದೆ, ಸ್ಪೈರಲಿಗೆ ಏರಿಸುವಾಗ ತಾಳ್ಮೆ ಬೇಕು. ಇಂಥ ನೆಗೆಟಿವಿನಿಂದ ಹೊಸ ಫಿಲ್ಮಿನ ಹೊಳಪು ಸಿಗದು. ಆದರೆ ಸ್ಕ್ಯಾನ್ ಮಾಡಿ ಕಪ್ಪನ್ನು ಹೊಂದಿಸಿದಾಗ ಹೋಟೆಲ್ ಗಲ್ಲಾದ ಹಿಂದೆ ಕೂತವರ ಮುಖ ಗುರುತು ಸಿಕ್ಕರೆ, ಅಷ್ಟಕ್ಕಾಗಿಯೇ ಈ ಎಲ್ಲ ಶ್ರಮ.

ಬಳಸಿದ ಫಿಕ್ಸರ್

ಡೆವಲಪರ್, ಸ್ಟಾಪ್ ಎರಡನ್ನೂ ಬೆರೆಸಿ ಜಾಸ್ತಿ ನೀರಿನ ಜೊತೆ ಮೋರಿಗೆ ಬಿಡಬಹುದು, ಮನೆಮಟ್ಟದಲ್ಲಿ ಅದರ ಪ್ರಮಾಣ ಸಣ್ಣದು. ಫಿಕ್ಸರ್ ಹಾಗಲ್ಲ. ನಿಮ್ಮ ರೋಲುಗಳ ಬೆಳ್ಳಿಯಲ್ಲಿ ಬಹುಪಾಲು ಅದರಲ್ಲೇ ಕರಗಿರುತ್ತದೆ, ನೀರಿನ ಜೀವಿಗಳಿಗೆ ಅದು ವಿಷ. ಹಳೆಯ ಪ್ಲಾಸ್ಟಿಕ್ ಕ್ಯಾನಿನಲ್ಲಿ ಕೂಡಿಟ್ಟು ಯಾವುದಾದರೂ ಫೋಟೋ ಲ್ಯಾಬಿಗೋ, ಎಕ್ಸ್‌ರೇ ಫಿಕ್ಸರಿನಿಂದ ಬೆಳ್ಳಿ ತೆಗೆಯುವವರಿಗೋ ಕೊಡಿ. ಕ್ಯಾನಿನ ಮುಚ್ಚಳ ಬಿಗಿ ಇರಲಿ, ಮೇಲೆ ದಪ್ಪಗೆ ಹೆಸರು ಬರೆಯಿರಿ, ಸ್ಟಾಪ್ ಬಾತನ್ನು ಅದಕ್ಕೆ ಸೇರಿಸಬೇಡಿ. ಆಮ್ಲ ಸೇರಿದರೆ ಉಸಿರುಗಟ್ಟಿಸುವ ಗಂಧಕದ ವಾಸನೆ ಏಳುತ್ತದೆ.